ಮಾರಾಟದ ಫೋಟೋ ಹಗುರವಾಗಿರಲಿ

ಕೊಳೆರೋಗ, ಕಾಯಿಕೊರಕ, ಗೊಬ್ಬರದ ಬೆಲೆ, ಆಳುಗಳ ಅಭಾವ ಎಂದು ಬರೆಯಬೇಕಾದ ವಿಷಯಗಳಿಗೆ ನಮ್ಮಲ್ಲಿ ಬರವಿಲ್ಲ. ಹೀಗಿರುವಾಗ ಸಂಘದ ಪತ್ರಿಕೆಯ ಇಷ್ಟೊಂದು ಜಾಗವನ್ನು ಫೋಟೋದ ವಿಚಾರಕ್ಕೆ ಕೊಟ್ಟಿರುವುದನ್ನು ಕಂಡು ಕೆಲವು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಆದರೂ ಬರೆಯುತ್ತಿದ್ದೇವೆ. ಏಕೆಂದರೆ ನಮ್ಮ ಸಣ್ಣ ಬೆಳೆಗಾರರು ಅಂತರ್ಜಾಲದಲ್ಲಿ ಮಾರಾಟಕ್ಕಿಟ್ಟ ಕಾಫಿಬೀಜ, ಕಾಫಿಪುಡಿ, ಕಾಳುಮೆಣಸು, ಹಾಳೆತಟ್ಟೆ ಮೊದಲಾದ ಮಾಲುಗಳಲ್ಲಿ ಎಷ್ಟನ್ನೋ ಕೊಳ್ಳುವವರು ನೋಡಿಯೇ ಇಲ್ಲ. ಮಾಲು ಕೆಟ್ಟದ್ದೆಂದಲ್ಲ, ಬೆಲೆ ಹೆಚ್ಚೆಂದೂ ಅಲ್ಲ. ಮಾಲಿನ ಫೋಟೋ ಅವರ ಮೊಬೈಲಿನಲ್ಲಿ ತೆರೆದುಕೊಳ್ಳಲಿಲ್ಲ, ಅಷ್ಟೇ.

ಬೆಂಗಳೂರಿನಲ್ಲಿ ಚಿಕ್ಕ ಪ್ರಮಾಣದಲ್ಲಿ ಕಾಫಿ ಹುರಿದು ಮಾರುವ ಒಬ್ಬರು ನಮ್ಮ ಕಚೇರಿಗೆ ಫೋನ್ ಮಾಡಿದ್ದರು. "ನಿಮ್ಮ ಪುಟದಲ್ಲಿ ಬಿಳಿ ಚೌಕ ಬಿಟ್ಟರೆ ಏನೂ ಕಾಣುವುದಿಲ್ಲವಲ್ಲ ಸ್ವಾಮಿ, ಕಾಫಿ ಇದೆಯೋ ಇಲ್ಲವೋ?" ಎಂದು ಕೇಳಿದರು. ಪರಿಶೀಲಿಸಿ ನೋಡಿದರೆ, ಆ ಸದಸ್ಯರು ಎಂಟು ಫೋಟೋಗಳನ್ನು ಹಾಕಿದ್ದರು, ಒಂದೊಂದೂ ಸುಮಾರು 4 ಎಂಬಿ ಭಾರ. ಈ ಮನುಷ್ಯರಾದರೂ ಫೋನ್ ಮಾಡಿ ಕೇಳಿದರು. ಕೇಳದೆ ಪಕ್ಕದ ಅಂಗಡಿಗೆ ಹೋದವರ ಲೆಕ್ಕ ಯಾರ ಬಳಿ ಇದೆ? ಮೊಬೈಲಿನಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಕಾಯಿಸುವ ಪುಟವನ್ನು ಅರ್ಧಕ್ಕಿಂತ ಹೆಚ್ಚು ಮಂದಿ ಬಿಟ್ಟುಹೋಗುತ್ತಾರೆಂದು ಗೂಗಲ್ ಸಂಸ್ಥೆ 2016ರಲ್ಲಿಯೇ ಪ್ರಕಟಿಸಿತ್ತು. ಅಂದಿಗಿಂತ ಇಂದು ಜನರಿಗೆ ತಾಳ್ಮೆ ಹೆಚ್ಚಾಗಿದೆಯೆಂದು ನಂಬಲು ನಮಗೆ ಯಾವ ಕಾರಣವೂ ಕಾಣುವುದಿಲ್ಲ.

ಮಾಲನ್ನು ತೋರಿಸಿ ಮಾರುವ ಕೆಲಸವೇ ನಮಗೆ ಹೊಸದು. 1942ರ ಕಾಫಿ ಕಾಯಿದೆಯ ಪೂಲ್ ಪದ್ಧತಿ ಇದ್ದಷ್ಟು ಕಾಲ ನಮ್ಮ ತಂದೆಯವರ ತಲೆಮಾರು ಕ್ಯೂರಿಂಗ್ ವರ್ಕ್ಸ್‌ಗೆ ಚೀಲ ಇಳಿಸಿ ರಸೀದಿ ಪಡೆದರೆ ಅಲ್ಲಿಗೆ ಮುಗಿಯಿತು. ಹಣ ಕಂತುಕಂತಾಗಿ ಬರುತ್ತಿತ್ತು. ಯಾರ ತೋಟದ ಕಾಫಿಯನ್ನು ಯಾರು ಕುಡಿದರೆಂಬುದು ಬೆಳೆದವನಿಗೂ ತಿಳಿಯದು, ಕುಡಿದವನಿಗೂ ತಿಳಿಯದು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಆ ಕಟ್ಟು 1996ರಲ್ಲಿ ಪೂರ್ತಿ ಕಳಚಿತು. ಅಡಿಕೆಯ ಮಟ್ಟಿಗೆ ಕರಾವಳಿಯಲ್ಲಿ 1973ರಿಂದ ಕ್ಯಾಂಪ್ಕೊ, ಮಲೆನಾಡಿನಲ್ಲಿ ಮ್ಯಾಮ್‌ಕೋಸ್‌ನಂಥ ಸಂಸ್ಥೆಗಳು ಬೆಳೆಗಾರನ ಬೆನ್ನಿಗಿದ್ದವು, ಇಂದಿಗೂ ಇವೆ. ಹೀಗಾಗಿ ನಮ್ಮ ಮಾಲನ್ನು ಅಪರಿಚಿತನೊಬ್ಬನ ಕಣ್ಣಮುಂದೆ ಇಟ್ಟು "ನೋಡಿ, ಬೇಕಾದರೆ ಕೊಳ್ಳಿ" ಎನ್ನುವ ಅಭ್ಯಾಸ ನಮಗೆ ಬರಲಿಲ್ಲ. ದೊಡ್ಡ ಎಸ್ಟೇಟುಗಳಿಗೆ ಇದಕ್ಕೆಂದೇ ಸಂಬಳದ ಜನ ಇದ್ದಾರೆ. ನಾಲ್ಕೈದು ಎಕರೆಯ ಬೆಳೆಗಾರನಿಗೆ ಇರುವುದು ಕೈಯಲ್ಲಿನ ಮೊಬೈಲು ಒಂದೇ. ಅವನ ಅಂಗಡಿಯ ಗಾಜಿನ ಕಪಾಟು ಆ ಮಾರಾಟದ ಪುಟ. ಅದು ತೆರೆಯದಿದ್ದರೆ ಹತ್ತು ಚೀಲ ಒಳ್ಳೆಯ ಪಾರ್ಚ್‌ಮೆಂಟು ಮತ್ತೆ ಕಣಕ್ಕೇ ಬಂದು ಕೊಳ್ಳುವ ವ್ಯಾಪಾರಿ ಹೇಳಿದ ಬೆಲೆಗೆ ಹೋಗುತ್ತದೆ. ವಿಷಯ ಫೋಟೋದ್ದಾದರೂ ನಷ್ಟ ಚೀಲದ ಲೆಕ್ಕದಲ್ಲಿ ಆಗುವುದು ಹೀಗೆ.

ಭಾರದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಸಾಮಾನ್ಯ ಮೊಬೈಲು ತೆಗೆಯುವ 12 ಮೆಗಾಪಿಕ್ಸೆಲ್ ಫೋಟೋ ಅಗಲಕ್ಕೆ 4000, ಎತ್ತರಕ್ಕೆ 3000 ಪಿಕ್ಸೆಲ್, ಅಂದರೆ ಚುಕ್ಕಿ, ಹೊಂದಿರುತ್ತದೆ. ಗುಣಿಸಿದರೆ 1 ಕೋಟಿ 20 ಲಕ್ಷ ಚುಕ್ಕಿಗಳು. ಅದನ್ನು ನೋಡುವವನ ಮೊಬೈಲಿನ ಪರದೆ ಅಗಲಕ್ಕೆ ಹೆಚ್ಚಾಗಿ 1080 ಚುಕ್ಕಿ. ಉಳಿದ ಚುಕ್ಕಿಗಳು ಅಷ್ಟು ದೂರ ಪ್ರಯಾಣ ಮಾಡಿ ಬಂದು ಯಾರ ಕಣ್ಣಿಗೂ ಬೀಳದೆ ವ್ಯರ್ಥವಾಗುತ್ತವೆ. ಅದೇ ಫೋಟೋವನ್ನು 1200ಕ್ಕೆ 900ರ ಅಳತೆಗೆ ಇಳಿಸಿದರೆ 10 ಲಕ್ಷ 80 ಸಾವಿರ ಚುಕ್ಕಿ, ಹನ್ನೊಂದರಲ್ಲಿ ಒಂದು ಪಾಲು. ಪರದೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣದು.

ಎಂಟು ಫೋಟೋ, ಒಂದೊಂದು 4 ಎಂಬಿ, ಒಟ್ಟು 32 ಎಂಬಿ. ಒಂದು ಬೈಟಿಗೆ ಎಂಟು ಬಿಟ್ ಎಂಬ ಲೆಕ್ಕದಲ್ಲಿ ಇದು 256 ಮೆಗಾಬಿಟ್. ಸೆಕೆಂಡಿಗೆ 2 ಮೆಗಾಬಿಟ್ ಸಿಗುವ ಕಡೆ ಪೂರ್ತಿ ಇಳಿಯಲು ಎರಡು ನಿಮಿಷ ದಾಟುತ್ತದೆ. ಫೋಟೋಗಳನ್ನು ತಲಾ 150 ಕೆಬಿಗೆ ತಂದರೆ ಒಟ್ಟು 1.2 ಎಂಬಿ, ಐದು ಸೆಕೆಂಡಿನ ಕೆಲಸ. ಮೊದಲ ಫೋಟೋ ಒಂದು ಸೆಕೆಂಡಿನೊಳಗೇ ಕಾಣುತ್ತದೆ, ಅದನ್ನು ನೋಡುತ್ತಿರುವಾಗ ಉಳಿದವು ಬಂದಿರುತ್ತವೆ.

"ಪಟ್ಟಣದವರಿಗೆ 5ಜಿ ಇದೆ, ನೆಟ್‌ವರ್ಕಿನ ತಾಪತ್ರಯ ನಮ್ಮದು ಮಾತ್ರ" ಎನ್ನುವವರಿದ್ದಾರೆ. ಕೊಳ್ಳುವವರು ಬಸ್ಸಿನಲ್ಲಿ, ರೈಲಿನಲ್ಲಿ, ನೆಲಮಾಳಿಗೆಯ ಗೋದಾಮಿನಲ್ಲಿ ನಿಂತು ನೋಡುತ್ತಾರೆ, ಅಲ್ಲಿ ಅವರಿಗೂ ಸಿಗುವುದು ಒಂದೆರಡು ಕಡ್ಡಿಯೇ. ನಮ್ಮ ಕಡೆಯ ಪಾಡಂತೂ ಹೇಳುವುದೇ ಬೇಡ, ಆಷಾಢದಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಟವರಿನ ಬೇಡಿಕೆಯನ್ನು ಸಂಘ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಟವರು ನಮ್ಮ ಕೈಯಲ್ಲಿಲ್ಲ, ಫೋಟೋದ ಭಾರ ನಮ್ಮ ಕೈಯಲ್ಲಿದೆ.

ಹಣ್ಣು ಕುಯ್ದ ಹಾಗೆಯೇ ಯಾರೂ ಮಂಗಳೂರಿನ ಬಂದರಿಗೆ ಸಾಗಿಸುವುದಿಲ್ಲ. ಪಲ್ಪ್ ಮಾಡಿ, ತೊಳೆದು, ಒಣಗಿಸಿ, ಐದಾರು ಕೆಜಿ ಹಣ್ಣನ್ನು ಒಂದು ಕೆಜಿ ಬೀಜ ಮಾಡಿ ಕಳಿಸುತ್ತೇವೆ. ಲಾರಿ ಬಾಡಿಗೆಯನ್ನು ನೀರಿಗೂ ಸಿಪ್ಪೆಗೂ ಕೊಡಲು ಯಾರು ತಯಾರಿದ್ದಾರೆ? ಕ್ಯಾಮೆರಾದಿಂದ ಬಂದ ಫೋಟೋ ಹಸಿ ಹಣ್ಣಿದ್ದಂತೆ. ಅದನ್ನು ಒಣಗಿಸಬೇಕು. ಆದರೆ ಪಾರ್ಚ್‌ಮೆಂಟಿನ ತೇವ ಶೇಕಡಾ 10ರ ಆಸುಪಾಸಿಗೆ ಬಂದಾಗ ನಿಲ್ಲಿಸದೆ ಒಣಗಿಸುತ್ತಲೇ ಹೋದರೆ ಬೀಜ ಒಡೆದು ಚೂರಾಗುತ್ತದಲ್ಲ, ಫೋಟೋಗೂ ಅಂಥ ಒಂದು ಗಡಿ ಇದೆ. ಆ ಗಡಿ ಎಲ್ಲಿದೆ ಎಂಬುದೇ ತಿಳಿಯಬೇಕಾದ ವಿಷಯ.

ಫೋಟೋದ ಭಾರ ಇಳಿಸಲು ಎರಡು ದಾರಿಗಳು. ಒಂದು, ಈಗ ಹೇಳಿದಂತೆ ಅಳತೆ ತಗ್ಗಿಸುವುದು. ಇನ್ನೊಂದು, ಅಳತೆ ಹಾಗೆಯೇ ಇಟ್ಟು ಒತ್ತುವುದು, ಇಂಗ್ಲಿಷಿನಲ್ಲಿ ಕಂಪ್ರೆಷನ್ ಎನ್ನುತ್ತಾರೆ. ಮೊದಲು ಅಳತೆ, ಆಮೇಲೆ ಒತ್ತುವಿಕೆ, ಈ ಕ್ರಮ ತಪ್ಪಬಾರದು. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. 4000 ಚುಕ್ಕಿಯ ಅಗಲವನ್ನು ಹಾಗೆಯೇ ಉಳಿಸಿಕೊಂಡು ಭಾರ ಮಾತ್ರ ಇಳಿಯಲಿ ಎಂದು ಹಿಂಡುತ್ತಾರೆ. ಫೋಟೋ ಕೊಳಕಾಗುತ್ತದೆ, "ಭಾರ ಇಳಿಸಿದರೆ ಫೋಟೋ ಕೆಡುತ್ತದೆ" ಎಂಬ ಮಾತು ಊರೆಲ್ಲ ಹಬ್ಬುತ್ತದೆ.

ಕೆಡುವುದೇಕೆಂದು ತಿಳಿದರೆ ತಪ್ಪಿಸುವುದು ಸುಲಭ. ನಾವು ಬಳಸುವ ಜೆಪೆಗ್ ಎಂಬ ಪದ್ಧತಿ 1992ರಲ್ಲಿ ಅಂತಾರಾಷ್ಟ್ರೀಯ ಮಾನಕವಾದದ್ದು. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸದು ಎಂಬುದೇ ಅದರ ಆಧಾರ. ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಕಣ್ಣಿಗೆ ಬೀಳದಂಥ ನವಿರು ವಿವರಗಳನ್ನು ಬಿಟ್ಟುಬಿಡುತ್ತದೆ. ಎಷ್ಟು ಬಿಡಬೇಕೆಂಬುದನ್ನು 'ಕ್ವಾಲಿಟಿ' ಎಂಬ ಅಂಕಿಯಿಂದ ನಾವು ಹೇಳುತ್ತೇವೆ. ಇದು ಶೇಕಡಾವಾರು ಅಲ್ಲ, ಬರಿಯ ಮೆಟ್ಟಿಲಿನ ಸಂಖ್ಯೆ. 75ರಿಂದ 80ರಲ್ಲಿ ಇಟ್ಟರೆ ಮಾರಾಟದ ಫೋಟೋಗೆ ಧಾರಾಳವಾಯಿತು. 50ಕ್ಕಿಂತ ಕೆಳಗೆ ಹೋದರೆ ಆ ಚೌಕಗಳ ಅಂಚು ಕಾಣತೊಡಗುತ್ತದೆ, ಬಣ್ಣ ಮಸಕಾಗಿ ಹರಡುತ್ತದೆ.

ನಮ್ಮ ಮಾಲಿಗೆ ಇದು ಸಣ್ಣ ವಿಷಯವಲ್ಲ. ಕೆಂಪಡಿಕೆಯ ಬಣ್ಣ ಚೊಗರಿನ ಹದದಿಂದ ಬಂದದ್ದು. ರಾಶಿಯೋ ಬೆಟ್ಟೆಯೋ ಸರಕೋ ಎಂದು ನೋಡುವವನು ಮೊದಲು ನೋಡುವುದೇ ಬಣ್ಣವನ್ನು. ಅತಿಯಾಗಿ ಒತ್ತಿದ ಫೋಟೋದಲ್ಲಿ ಸರಕು ಗೊರಬಲಿನಂತೆ ಕಂಡರೆ ತಪ್ಪು ಯಾರದು? ಕಾಫಿಯಲ್ಲಿ ಕರಿಬೀಜ, ಕಂದುಬೀಜ, ಚೂರು ಎಷ್ಟಿದೆ, ಕಾಯಿಕೊರಕದ ತೂತಿದೆಯೇ ಎಂದು ಹುಡುಕುವ ಕಣ್ಣಿಗೆ ಮಸುಕು ಫೋಟೋ ಕೊಟ್ಟರೆ ಅವನು ಏನೋ ಮುಚ್ಚಿಡುತ್ತಿದ್ದಾರೆಂದೇ ತಿಳಿಯುತ್ತಾನೆ.

ಹಾಗಾದರೆ ಸಣ್ಣ ಫೋಟೋದಲ್ಲಿ ಅಷ್ಟು ಸಣ್ಣ ತೂತು ಕಾಣುವುದು ಹೇಗೆ ಎಂದು ಕೇಳಬಹುದು. ಹತ್ತಿರದಿಂದ ಇನ್ನೊಂದು ಫೋಟೋ ತೆಗೆಯಿರಿ. ಇಡೀ ಕಣ, ಹಿಂದೆ ಮನೆ, ಪಕ್ಕದಲ್ಲಿ ಜೀಪು, ಮೂಲೆಯಲ್ಲಿ ನಾಯಿ ಎಲ್ಲವನ್ನೂ ಒಂದೇ ಫೋಟೋದಲ್ಲಿ ತುಂಬಿ, ಕೊಳ್ಳುವವನು ದೊಡ್ಡದು ಮಾಡಿ ಬೀಜ ಹುಡುಕಿಕೊಳ್ಳಲಿ ಎಂದು ಬಿಡುವುದು ನಮ್ಮವರ ರೂಢಿ. ಬೀಜ ನೋಡಬೇಕಾದವನಿಗೆ ಬೀಜವನ್ನೇ ತೋರಿಸಿ. ಒಂದು ಹಿಡಿ ಬೀಜವನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಮೇಲಿನಿಂದ ತೆಗೆದರೆ ಗಾತ್ರವೂ ತಿಳಿಯಿತು, ದೋಷವೂ ತಿಳಿಯಿತು. ಸುತ್ತಲಿನ ಬೇಡದ ಭಾಗವನ್ನು ಕತ್ತರಿಸಿ ಆಮೇಲೆ ಅಳತೆ ಇಳಿಸಿದರೆ 1200 ಚುಕ್ಕಿಯ ಅಗಲದಲ್ಲೇ ತೂತು ಸ್ಪಷ್ಟವಾಗಿ ಕಾಣುತ್ತದೆ.

ಬಿಳಿ ಬಟ್ಟೆಯಿಂದ ಇನ್ನೊಂದು ಲಾಭವಿದೆ, ಇದು ಹೆಚ್ಚಿನವರಿಗೆ ತಿಳಿದಿಲ್ಲ. ಸಾದಾ ಹಿನ್ನೆಲೆಯಲ್ಲಿ ವಿವರ ಕಡಿಮೆ ಇರುವುದರಿಂದ ಜೆಪೆಗ್ ಅದನ್ನು ಬಹಳ ಹಗುರವಾಗಿ ಕಟ್ಟಿಡುತ್ತದೆ. ಗೋಣಿಚೀಲದ ನೇಯ್ಗೆ, ಹುಲ್ಲು, ತರಗೆಲೆ ಇವುಗಳ ಪ್ರತಿಯೊಂದು ಎಳೆಯೂ ಭಾರ ಹೆಚ್ಚಿಸುತ್ತದೆ. ರಾತ್ರಿ ಮಂದ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಹುಡಿ ಎರಚಿದಂತೆ ಕಾಣುವ ಚುಕ್ಕಿಗಳೂ ಹಾಗೆಯೇ. ಬೆಳಗಿನ ಹೊತ್ತು ನೆರಳಿನಲ್ಲಿ, ಆಕಾಶದ ಬೆಳಕು ಸಾಕಷ್ಟು ಬೀಳುವ ಜಗಲಿಯಲ್ಲಿ ತೆಗೆದ ಫೋಟೋ ನೋಡಲೂ ಚೆನ್ನ, ಭಾರವೂ ಕಡಿಮೆ. ತೆಗೆಯುವ ಮೊದಲು ಲೆನ್ಸನ್ನು ಒರೆಸಿಕೊಳ್ಳಿ, ತೋಟದಲ್ಲಿ ಓಡಾಡಿದ ಜೇಬಿನ ಮೊಬೈಲಿಗೆ ಬೆವರು, ಧೂಳು ಅಂಟಿರುತ್ತದೆ.

ಇದೆಲ್ಲ ಮಾಡಲು ದುಡ್ಡಿನ ತಂತ್ರಾಂಶ ಬೇಕಿಲ್ಲ. ಕಂಪ್ಯೂಟರ್ ಇದ್ದವರಿಗೆ ವಿಂಡೋಸ್‌ನ ಪೇಂಟ್‌ನಲ್ಲೇ ಅಳತೆ ಬದಲಿಸುವ ಸೌಲಭ್ಯವಿದೆ. ಗಿಂಪ್ ಎಂಬುದು ಉಚಿತವಾಗಿ ಸಿಗುತ್ತದೆ. ಗೂಗಲ್‌ನವರು 2018ರಲ್ಲಿ ಹೊರತಂದ ಸ್ಕ್ವೂಶ್ ಎಂಬುದನ್ನು ಮೊಬೈಲಿನ ಬ್ರೌಸರಿನಲ್ಲಿಯೇ ಬಳಸಬಹುದು. ಫೋಟೋ ನಮ್ಮ ಯಂತ್ರದಿಂದ ಹೊರಗೆ ಹೋಗದೆ ಅಲ್ಲಿಯೇ ಕೆಲಸ ಮುಗಿಯುತ್ತದೆ, ಒತ್ತುವ ಮೊದಲು ಹೇಗಿತ್ತು, ಆಮೇಲೆ ಹೇಗಿದೆ ಎಂದು ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಗುರುತು ಪರಿಚಯವಿಲ್ಲದ ಆ್ಯಪ್‌ಗಳನ್ನು ಹಾಕಿಕೊಂಡು ಮೊಬೈಲಿನ ಎಲ್ಲ ಫೋಟೋ, ಸಂಪರ್ಕ ಸಂಖ್ಯೆಗಳನ್ನು ನೋಡಲು ಅನುಮತಿ ಕೊಡುವುದಂತೂ ಬೇಡವೇ ಬೇಡ. ಸ್ಕ್ರೀನ್‌ಶಾಟ್ ತೆಗೆದು ಕಳಿಸುವ ಚಾಳಿಯನ್ನೂ ಬಿಡಬೇಕು. ಅನೇಕ ಮೊಬೈಲುಗಳಲ್ಲಿ ಅದು ಪಿಎನ್‌ಜಿ ರೂಪದಲ್ಲಿ ಉಳಿಯುತ್ತದೆ. ಅಕ್ಷರ, ನಕ್ಷೆಗಳಿಗೆ ಒಳ್ಳೆಯದಾದ ಆ ರೂಪ ಫೋಟೋಗೆ ಕೆಲವು ಪಟ್ಟು ಭಾರ. ಐಫೋನಿನವರು ಕಳಿಸುವ ಎಚ್‌ಇಐಸಿ ರೂಪ ಹಗುರವೇ ಆದರೂ ಹಲವು ಬ್ರೌಸರುಗಳು ಅದನ್ನು ತೆರೆಯುವುದಿಲ್ಲ, ಜೆಪೆಗ್‌ಗೆ ಬದಲಿಸಿಯೇ ಕಳಿಸಬೇಕು. 2010ರಲ್ಲಿ ಬಂದ ವೆಬ್‌ಪಿ ಎಂಬುದು ಜೆಪೆಗ್‌ಗಿಂತ ಸುಮಾರು ಕಾಲುಭಾಗ ಹಗುರ, ಈಗ ಮುಖ್ಯ ಬ್ರೌಸರುಗಳೆಲ್ಲ ಅದನ್ನು ತೋರಿಸುತ್ತವೆ. ಆದರೆ ಈ ರೂಪಾಂತರ ಪುಟ ನಡೆಸುವವರ ಪಾಲಿನ ಕೆಲಸ, ಸದಸ್ಯರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ವಾಟ್ಸ್‌ಆ್ಯಪಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೋವನ್ನು ಅದು ತಾನಾಗಿಯೇ ಇಳಿಸಿ ಕಳಿಸುತ್ತದೆ. ಅಷ್ಟು ಮಾರಾಟದ ಪುಟಕ್ಕೆ ಹೆಚ್ಚಾಗಿ ಸಾಕು. ತೊಂದರೆ ಬರುವುದು ಅದೇ ಫೋಟೋವನ್ನು ಇಳಿಸಿಕೊಂಡು, ಕತ್ತರಿಸಿ, ಮತ್ತೆ ಉಳಿಸಿ, ಮತ್ತೊಬ್ಬರಿಗೆ ಕಳಿಸಿದಾಗ. ಪ್ರತಿ ಬಾರಿ ಉಳಿಸುವಾಗಲೂ ಜೆಪೆಗ್ ಇನ್ನಷ್ಟು ವಿವರವನ್ನು ಬಿಟ್ಟುಕೊಡುತ್ತದೆ, ಹೋದದ್ದು ಮರಳಿ ಬಾರದು. ಆದ್ದರಿಂದ ಮೂಲ ಫೋಟೋವನ್ನು ಅಳಿಸದೆ ಇಟ್ಟುಕೊಂಡು, ಪ್ರತಿ ಸಲವೂ ಅದರಿಂದಲೇ ಹೊಸ ಪ್ರತಿ ಮಾಡಿಕೊಳ್ಳಿ. ಮೂಲ ಬೇಕಾಗುವ ಸಂದರ್ಭಗಳು ಬೇರೆಯೂ ಇವೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಬೇಕು, 1200 ಚುಕ್ಕಿ ನಾಲ್ಕೇ ಇಂಚಿಗೆ ಮುಗಿಯಿತು. ಪುಡಿಯ ಪೊಟ್ಟಣಕ್ಕೋ ಮೇಳದ ಮಳಿಗೆಯ ಬ್ಯಾನರಿಗೋ ದೊಡ್ಡ ಫೋಟೋ ಬೇಕೇ ಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೊಬೈಲಿನಲ್ಲಿ ಸ್ಥಳ ತೋರಿಸುವ ವ್ಯವಸ್ಥೆ ತೆರೆದಿದ್ದರೆ, ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಫೋಟೋದೊಳಗೇ ಬರೆದಿರುತ್ತವೆ. ವಾಟ್ಸ್‌ಆ್ಯಪಿನಲ್ಲಿ ಡಾಕ್ಯುಮೆಂಟ್ ಎಂದು ಕಳಿಸಿದ ಫೋಟೋ ಇದನ್ನೂ ಹೊತ್ತುಕೊಂಡೇ ಹೋಗುತ್ತದೆ. ಐವತ್ತು ಚೀಲ ಕಾಫಿ ಒಣಗುತ್ತಿರುವ ಒಂಟಿಮನೆಯ ಕಣ ಎಲ್ಲಿದೆಯೆಂದು ಮೀಟರ್ ಲೆಕ್ಕದಲ್ಲಿ ಊರಿಗೆಲ್ಲ ಹೇಳಿದಂತೆ ಆಗುವುದಿಲ್ಲವೇ? ಕೊಯ್ಲಿನ ಕಾಲದಲ್ಲಿ ಕಣದ ಕಾಫಿ, ಬಳ್ಳಿಯ ಮೆಣಸು ಕಳುವಾಗುವುದು ನಮಗೇನು ಹೊಸತಲ್ಲ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಸ್ಥಳದ ಗುರುತನ್ನು ಆರಿಸಿಡಿ. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮಕ್ಕಾಗಿ ಕೇಳುವ ಜಮೀನಿನ ಗುರುತು ಬೇರೆಯೇ ವಿಷಯ. ಅದನ್ನು ದಾಖಲೆಯಾಗಿ ಕೊಳ್ಳುವವರಿಗೆ ಕೊಡುವುದು, ಊರೆಲ್ಲ ನೋಡುವ ಫೋಟೋದಲ್ಲಿ ಅಲ್ಲ.

ತಪ್ಪೆಲ್ಲ ಸದಸ್ಯರದೇ ಎಂದು ನಾವು ಹೇಳುವುದಿಲ್ಲ. ಪುಟ ಕಟ್ಟಿಕೊಡಲು ಹಣ ಪಡೆದವರ ಕೆಲಸವನ್ನೂ ನೋಡಿದ್ದೇವೆ. ಪಟ್ಟಿಯಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಕಾಣುವ ಫೋಟೋಗೂ ಹಿಂದಿನಿಂದ ಪೂರ್ತಿ 4 ಎಂಬಿ ಇಳಿಯುವಂತೆ ಕಟ್ಟಿದ್ದರು. ಕೇಳಿದರೆ "ಹೆಚ್ಚು ಬಾಡಿಗೆಯ ಸರ್ವರ್ ತೆಗೆದುಕೊಳ್ಳಿ" ಎಂಬ ಉತ್ತರ. ಸರ್ವರ್ ಎಷ್ಟು ದೊಡ್ಡದಾದರೇನು, ಕೊಳ್ಳುವವನ ಮೊಬೈಲಿಗೆ ಇಳಿಯಬೇಕಾದ ಭಾರ ಇಳಿಯಲೇಬೇಕಲ್ಲ! ಫೋಟೋ ಹಾಕಿದ ಕೂಡಲೇ ಪಟ್ಟಿಗೊಂದು, ಪುಟಕ್ಕೊಂದು ಎಂದು ಚಿಕ್ಕ ಪ್ರತಿಗಳು ತಾವಾಗಿಯೇ ತಯಾರಾಗಬೇಕು, ಕೆಳಗಿನ ಫೋಟೋಗಳು ಓದುಗ ಅಲ್ಲಿಗೆ ಬಂದಾಗ ಮಾತ್ರ ಇಳಿಯಬೇಕು, ಫೋಟೋದ ಅಗಲ ಎತ್ತರವನ್ನು ಮೊದಲೇ ನಮೂದಿಸಿ ಪುಟ ಮೇಲೆ ಕೆಳಗೆ ಜಿಗಿಯದಂತೆ ನೋಡಿಕೊಳ್ಳಬೇಕು. ಇವೆಲ್ಲ ಈ ಕಸುಬಿನವರಿಗೆ ತಿಳಿಯದ ಗುಟ್ಟುಗಳಲ್ಲ. ಮುಂದೆ ಯಾವ ಸಂಘವೇ ಆಗಲಿ, ಸದಸ್ಯರೇ ಆಗಲಿ ಪುಟ ಮಾಡಿಸುವಾಗ ಇವನ್ನು ಕರಾರಿನಲ್ಲಿ ಬರೆಸಿಕೊಂಡು ಆಮೇಲೆ ಮುಂಗಡ ಕೊಡುವುದು ಲೇಸು.

ಈಗ ಸಂಘದ ಪಾತ್ರದ ಬಗ್ಗೆ. "ಫೋಟೋ ಸರಿಮಾಡುವುದು ಸದಸ್ಯರ ಸ್ವಂತ ಕೆಲಸ, ಅದಕ್ಕೆ ಸಂಘದ ಸಿಬ್ಬಂದಿಯ ಸಮಯ ಏಕೆ?" ಎಂಬ ಅಭಿಪ್ರಾಯ ಆಡಳಿತ ಮಂಡಳಿಯಲ್ಲಿದೆ. ನಾವು ಇದನ್ನು ಒಪ್ಪುವುದಿಲ್ಲ. ತೇವ ಅಳೆಯುವ ಮೀಟರನ್ನು ಪ್ರತಿಯೊಬ್ಬ ಬೆಳೆಗಾರನೂ ಕೊಂಡಿಟ್ಟುಕೊಳ್ಳಲಿ ಎಂದು ನಾವು ಹೇಳಿದೆವೇ? ಒಂದನ್ನು ಸಂಘದಲ್ಲಿ ಇಟ್ಟೆವು, ಎಲ್ಲರೂ ತಂದು ಅಳೆಸಿಕೊಳ್ಳುತ್ತಾರೆ. ತೂಕದ ಯಂತ್ರವೂ ಹಾಗೆಯೇ. ಅರವತ್ತು ದಾಟಿದ, ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಅಜ್ಜ ಅಜ್ಜಿಯರಿಬ್ಬರೇ ತೋಟ ನೋಡಿಕೊಳ್ಳುತ್ತಿರುವ ಈ ಕಾಲದಲ್ಲಿ, 1200 ಚುಕ್ಕಿ, ಕ್ವಾಲಿಟಿ 75 ಎಂದು ಅವರಿಗೆ ಪಾಠ ಹೇಳಿ ಕೈತೊಳೆದುಕೊಳ್ಳುವುದು ಸಹಕಾರವೆನಿಸದು. ಅವರು ಫೋಟೋ ತೆಗೆದುಕೊಡಲಿ, ಹಗುರ ಮಾಡುವ ಕೆಲಸವನ್ನು ಕಚೇರಿ ಮಾಡಲಿ. ಒಮ್ಮೆ ಕೈ ಕೂಡಿದರೆ ಒಂದು ಫೋಟೋಗೆ ಒಂದು ನಿಮಿಷ ಹಿಡಿಯದು.

ಬೀಜದ ಬಣ್ಣ ಹೆಚ್ಚಿಸುವ, ಅಡಿಕೆಗೆ ಹೊಳಪು ಕೊಡುವ ತಿದ್ದುಪಡಿಯನ್ನು ಮಾತ್ರ ಕಚೇರಿ ಮಾಡಿಕೊಡುವುದಿಲ್ಲ, ಮಾಡಿ ತಂದದ್ದನ್ನು ಸ್ವೀಕರಿಸುವುದೂ ಇಲ್ಲ. ಅಡಿಕೆ ಕೊಳ್ಳುವವನು ಕೊನೆಗೆ ಕತ್ತರಿಸಿ ನೋಡಿಯೇ ಬೆಲೆ ಕಟ್ಟುತ್ತಾನೆ, ಕಾಫಿಯವನು ಮಾದರಿ ತರಿಸಿ ಹುರಿದು ಕುಡಿದೇ ಮಾತನಾಡುತ್ತಾನೆ. ಫೋಟೋ ನೋಡಿ ಅವನು ಮಾದರಿ ಕೇಳುತ್ತಾನೆ, ಅಷ್ಟರ ಮಟ್ಟಿಗೆ ಅದರ ಉಪಯೋಗ. ಬಂದ ಮಾದರಿ ಫೋಟೋದಂತೆ ಇಲ್ಲದಿದ್ದರೆ ಹೋಗುವುದು ಒಬ್ಬ ಸದಸ್ಯನ ಹೆಸರಲ್ಲ, ಆ ಪುಟದಲ್ಲಿರುವ ಎಲ್ಲರದೂ.

ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ನಾವು ಇಡುತ್ತಿರುವ ಸಲಹೆ ಇಷ್ಟು: ಒಂದು ಮಾಲಿಗೆ ಐದು ಫೋಟೋ, ಒಂದೊಂದು 200 ಕೆಬಿ ಮೀರಬಾರದು, ಅಲ್ಲಿಗೆ ಇಡೀ ಪುಟದ ಫೋಟೋಗಳು 1 ಎಂಬಿಯೊಳಗೆ ನಿಲ್ಲುತ್ತವೆ. ಇದಕ್ಕೆ ಶುಲ್ಕ ಬೇಡ. ಸಭೆ ಒಪ್ಪುವವರೆಗೂ ಕಾಯಬೇಕಾಗಿಲ್ಲ, ಸಂತೆಯ ದಿನ ಪೇಟೆಗೆ ಬರುವ ಸದಸ್ಯರು ಮೊಬೈಲನ್ನೂ ಅದರ ಕೇಬಲನ್ನೂ ತೆಗೆದುಕೊಂಡು ಮಧ್ಯಾಹ್ನದೊಳಗೆ ಕಚೇರಿಗೆ ಬಂದರೆ ಫೋಟೋಗಳನ್ನು ಅಲ್ಲಿಯೇ ಇಳಿಸಿಕೊಂಡು ಸರಿಮಾಡಿಕೊಡುತ್ತೇವೆ. ಮೂಲ ಫೋಟೋಗಳು ಮೊಬೈಲಿನಲ್ಲಿ ಹಾಗೆಯೇ ಇರುತ್ತವೆ. ಈಗಾಗಲೇ ಪುಟದಲ್ಲಿರುವ ಭಾರದ ಫೋಟೋಗಳನ್ನು ಆಯಾ ಸದಸ್ಯರನ್ನು ಕೇಳಿ ಒಂದೊಂದಾಗಿ ಬದಲಿಸುತ್ತಿದ್ದೇವೆ. ಅರೇಬಿಕಾ ಕೊಯ್ಲು ಆರಂಭವಾಗುವುದರೊಳಗೆ ಆ ಕೆಲಸ ಮುಗಿಯಬೇಕು.